ಕಂಡೆನ್ಸರ್ ಅಂದ್ರೆ ಮೂರನೇ ಫೇಸ್ ಅಲ್ಲ

ಈ ಸಲ ಶೇಂಗಾ ವಿಚಾರ ಅಲ್ಲ, ಮಳೆ ವಿಚಾರಾನೂ ಅಲ್ಲ. ಕರೆಂಟು ಮತ್ತು ಮರಗೆಲಸದ ವಿಚಾರ. ಬರಹ ಉದ್ದ ಐತೆ. ಪುರುಸೊತ್ತು ಇಲ್ಲದೋರು ರಾತ್ರಿ ಊಟ ಆದ ಮೇಲೆ ಓದಿ. ಆದರೆ ಮನೆಯಲ್ಲಿ ಗರಗಸದ ಮಷಿನ್ನು, ರಂದಾ ಮಷಿನ್ನು ಇಟ್ಟುಕೊಂಡೋರು, ಹಳೇ ಮಷಿನ್ ಅಗ್ಗಕ್ಕೆ ಸಿಗ್ತದೆ ಅಂತ ಅಡ್ವಾನ್ಸ್ ಕೊಟ್ಟು ಬಂದೋರು ಈಗಲೇ ಓದಿ, ಓದಿದ ಮೇಲೆ ಸ್ವಿಚ್ ಹಾಕಿ.

ನೇರವಾಗಿ ಹೇಳ್ತೀನಿ. ಮೂರು ಫೇಸಿನ ಮೋಟಾರನ್ನ ಮನೆ ಮೀಟರಿನ ಸಿಂಗಲ್ ಫೇಸಿಗೆ ಒಂದು ಕಂಡೆನ್ಸರ್ ಹಾಕಿ ಗರಗಸ ಓಡಿಸೋದನ್ನ ಬಿಡಬೇಕು. ಬೋರಿನ ಸ್ಟಾರ್ಟರಿನಿಂದ ವೈರ್ ಎಳೆದು ಓಡಿಸೋದನ್ನೂ ಬಿಡಬೇಕು. ಅದೇ ಬಾಯಲ್ಲಿ ಇನ್ನೊಂದೂ ಹೇಳ್ತೀನಿ: ಹಳ್ಳಿಯೋರಿಗೆ ಸಿಂಗಲ್ ಫೇಸೇ ಸಾಕು ಅನ್ನೋ ಮಾತನ್ನ ಮೇಲೆ ಕೂತೋರೂ ಬಿಡಬೇಕು. ಮೊದಲ ಎರಡು ನಮ್ಮ ಕೈಯಲ್ಲೇ ಐತೆ. ಮೂರನೇದು ಕೇಳಿ ಪಡೆಯೋದು.

ಈ ಮಷಿನ್‌ಗಳು ನಮ್ಮ ಊರಿಗೆ ಬಂದಿದ್ದು ಹೆಂಗೆ ಅನ್ನೋದು ನಿಮಗೂ ಗೊತ್ತು. ಚಳ್ಳಕೆರೆ ಅಂದ್ರೆ ಎಣ್ಣೆ ಮಿಲ್ಲುಗಳ ಊರು. ಒಂದು ಕಾಲಕ್ಕೆ ಮುಂಬೈ ಬಿಟ್ಟರೆ ನಮ್ಮದೇ ಅಂತ ಹೇಳಿಕೊಂಡು ತಿರುಗಿದ್ವಿ. ಆ ಮಿಲ್ಲುಗಳು ಒಂದೊಂದಾಗಿ ಬಾಗಿಲು ಹಾಕಿದಾಗ ಒಳಗಿದ್ದ ಮೋಟಾರುಗಳು ಗುಜರಿಗೆ ಬಂದವು. ಪಟ್ಟಣದ ಮರಗೆಲಸದ ಅಂಗಡಿಯೋರು ಹೊಸ ಮಷಿನ್ ತಗೊಂಡಾಗ ಹಳೇ ಬೀಡು ಕಬ್ಬಿಣದ ಮಷಿನ್ ಮಾರಿದರು. ಗಟ್ಟಿ ಮಾಲು, ತೂಕ ಐತೆ, ಅಳ್ಳಾಡಲ್ಲ. ನಮ್ಮ ಹುಡುಗರು ಟ್ರ್ಯಾಕ್ಟರ್ ಟ್ರೈಲರಿನಲ್ಲಿ ಹಾಕಿಕೊಂಡು ಬಂದರು. ಬಂದ ಮೇಲೆ ನೇಮ್ ಪ್ಲೇಟ್ ಒರೆಸಿ ನೋಡಿದರೆ 415 ವೋಲ್ಟ್, 3 ಫೇಸ್. ಮನೆಯಲ್ಲಿ ಇರೋದು 230 ವೋಲ್ಟ್, ಒಂದು ಫೇಸ್, ಒಂದು ನ್ಯೂಟ್ರಲ್.

ಆಗ ವೈಂಡಿಂಗ್ ಅಂಗಡಿಯೋನು ಒಂದು ಮಾತು ಹೇಳ್ತಾನೆ: "ಒಂದು ಕಂಡೆನ್ಸರ್ ಹಾಕಿದ್ರೆ ಮುಗೀತು ಕಣಣ್ಣ, ಅದೇ ಮೂರನೇ ಫೇಸು." ಮೊಬೈಲಿನಲ್ಲಿ ವಿಡಿಯೋ ಮಾಡೋ ಮಹಾನುಭಾವರೂ ಅದನ್ನೇ ಹೇಳ್ತಾರೆ. ಬರೀ ಮೋಟಾರು, ಬೆಲ್ಟಿಲ್ಲ, ಬ್ಲೇಡಿಲ್ಲ, ಮರ ಇಲ್ಲ. ಸ್ವಿಚ್ ಹಾಕ್ತಾರೆ, ತಿರುಗ್ತದೆ, ಲೈಕ್ ಮಾಡಿ ಅಂತಾರೆ. ನನ್ನ ಜಗಳ ಈ ಮಾತಿನ ಮೇಲೆ.

ಮೂರು ಫೇಸ್ ಅಂದ್ರೆ ಏನು ಅಂತ ನಮ್ಮ ರೀತಿಯಲ್ಲೇ ಹೇಳ್ತೀನಿ. ಮೂರು ಜನ ಹೆಣ್ಣುಮಕ್ಕಳು ಒಂದೇ ಒರಳಿಗೆ ಸರದಿ ಮೇಲೆ ಒನಕೆ ಹಾಕೋದನ್ನ ನೋಡಿದ್ದೀರಲ್ಲ. ಒಬ್ಬಳ ಒನಕೆ ಬೀಳುವಾಗ ಇನ್ನೊಬ್ಬಳದು ಏಳ್ತಿರ್ತದೆ. ಏಟು ಎಲ್ಲೂ ನಿಲ್ಲಲ್ಲ, ಮೂವರಿಗೂ ಭಾರ ಸಮ. ಮೂರು ಫೇಸಿನ ಮೋಟಾರ್ ಒಳಗೆ ಆಗೋದು ಹಿಂಗೇ. ಅದಕ್ಕೇ ಅದು ಸ್ವಿಚ್ ಹಾಕಿದ ಕೂಡಲೇ ತಾನೇ ಎದ್ದು ಓಡ್ತದೆ. ಸಿಂಗಲ್ ಫೇಸ್ ಅಂದ್ರೆ ಒಬ್ಬಳೇ, ಒಂದೇ ಒನಕೆ. ಕಂಡೆನ್ಸರ್ ಏನು ಮಾಡ್ತದೆ? ಅದೇ ಒಬ್ಬಳ ಕೈಗೆ ಇನ್ನೊಂದು ಒನಕೆ ಕೊಟ್ಟು ಸ್ವಲ್ಪ ತಡ ಮಾಡಿ ಹಾಕು ಅಂತದೆ. ಕೆಲಸ ಒಂದಿಷ್ಟು ನಡೀತದೆ. ಆದರೆ ಮನೆಗೆ ಇನ್ನಿಬ್ಬರು ಬಂದರು ಅಂತ ಲೆಕ್ಕ ಹಾಕಿದರೆ ಆ ಹೆಣ್ಣುಮಗಳ ರಟ್ಟೆ ಬಿದ್ದು ಹೋಗ್ತದೆ.

ಲೆಕ್ಕದಲ್ಲಿ ಹೇಳೋದಾದರೆ, ಹಿಂಗೆ ಕಂಡೆನ್ಸರ್ ಮೇಲೆ ಓಡೋ ಮೋಟಾರು ಕೊಡೋದು ತನ್ನ ಶಕ್ತಿಯ ಮೂರರಲ್ಲಿ ಎರಡು ಭಾಗ, ಅದೂ ಎಲ್ಲ ಸರಿ ಇದ್ದರೆ. ಏಳೋ ಹೊತ್ತಿನ ಎಳೆತ ಮೂರನೇ ಒಂದು ಭಾಗಕ್ಕೆ ಇಳೀತದೆ. ಸಾಮಾನ್ಯವಾಗಿ 1 ಕಿಲೋವ್ಯಾಟಿಗೆ 70 ಮೈಕ್ರೋಫ್ಯಾರಡ್ ಲೆಕ್ಕ, ಅಂದ್ರೆ 1 ಎಚ್‌ಪಿಗೆ ಸುಮಾರು 50. ಆದರೆ ಆ ಲೆಕ್ಕ ಕೂಡೋದು ಒಂದೇ ಒಂದು ಭಾರಕ್ಕೆ. ನನ್ನ ವಾದದ ಮುಖ್ಯ ಜಾಗ ಇದು, ನಿಧಾನಕ್ಕೆ ಓದಿ.

ಪಂಪು ಓಡುವಾಗ ಭಾರ ಒಂದೇ ಸಮ ಇರ್ತದೆ. ಬೆಳಗಿಂದ ಸಂಜೆವರೆಗೆ ಅದೇ ನೀರು, ಅದೇ ಎತ್ತರ. ಗರಗಸ ಹಂಗಲ್ಲ. ಹಲಗೆ ಇಟ್ಟಾಗ ಪೂರ್ತಿ ಭಾರ, ತೆಗೆದಾಗ ಬರೀ ಗಾಳಿ. ಬೇವಿನ ಹಲಗೆ ನಡುವೆ ಗಂಟು ಬಂತು ಅಂದ್ರೆ ಭಾರ ಒಮ್ಮೆಲೇ ಏರ್ತದೆ. ಕಮರ, ಜಾಲಿ ಕೊಯ್ಯೋವಾಗಂತೂ ಕೇಳೋದೇ ಬೇಡ, ಕಬ್ಬಿಣ ಕೊಯ್ದಂಗೆ. ಭಾರಕ್ಕೆ ತಕ್ಕ ಕಂಡೆನ್ಸರ್ ಹಾಕಿದರೆ ಖಾಲಿ ತಿರುಗುವಾಗ ಅದೇ ಕಂಡೆನ್ಸರ್ ಒಂದು ಕಾಯಿಲಿಗೆ ಜಾಸ್ತಿ ಕರೆಂಟು ನುಗ್ಗಿಸ್ತದೆ, ಮೋಟಾರು ಸುಮ್ಮನೆ ತಿರುಗಿಯೇ ಬಿಸಿ ಆಗ್ತದೆ. ಖಾಲಿಗೆ ತಕ್ಕಂಗೆ ಚಿಕ್ಕದು ಹಾಕಿದರೆ ಹಲಗೆ ಇಟ್ಟ ಕೂಡಲೇ ಗುಂಯ್ ಅಂತ ಮಲಗ್ತದೆ. ಪಂಪಿಗೆ ಹೆಂಗೋ ನಡೆದ ಉಪಾಯ ಗರಗಸಕ್ಕೆ ನಡೆಯಲ್ಲ ಅನ್ನೋದಕ್ಕೆ ಕಾರಣ ಇದು. ಪಂಪಿನ ಮೆಕ್ಯಾನಿಕ್ಕು ಹೇಳಿದ್ದನ್ನ ಮರಗೆಲಸಕ್ಕೆ ತರಬೇಡಿ.

ಇದರ ಜೊತೆಗೆ ನಮ್ಮ ವೋಲ್ಟೇಜು. ಸಂಜೆ ಎಲ್ಲರ ಮನೆ ಮಿಕ್ಸಿ, ಮೋಟಾರು ಹತ್ತಿದಾಗ 230 ಇರಬೇಕಾದ್ದು 190ಕ್ಕೆ ಇಳಿದರೆ ಮೋಟಾರಿನ ಎಳೆತ ಮೂರರಲ್ಲಿ ಎರಡಕ್ಕೆ ಬೀಳ್ತದೆ. ಎಳೆತ ವೋಲ್ಟೇಜಿನ ವರ್ಗದ ಲೆಕ್ಕದಲ್ಲಿ ಇಳಿಯೋದು, ಸರಳ ಲೆಕ್ಕದಲ್ಲಿ ಅಲ್ಲ. ಎಸ್ಸೆಸ್ಸೆಲ್ಸಿ ಗಣಿತ ಇಷ್ಟಕ್ಕೆ ಸಾಕು. ಮೂರರಲ್ಲಿ ಎರಡರ ಮೂರರಲ್ಲಿ ಎರಡು ಅಂದ್ರೆ ಅರ್ಧಕ್ಕೂ ಕಮ್ಮಿ ಉಳೀತು. 2 ಎಚ್‌ಪಿ ಅಂತ ದುಡ್ಡು ಕೊಟ್ಟು ತಂದಿದ್ದು ಒಂದು ಎಚ್‌ಪಿ ಕೆಲಸಾನೂ ಮಾಡಲ್ಲ.

ಇನ್ನೊಂದು ಗುಟ್ಟು ನೇಮ್ ಪ್ಲೇಟಿನಲ್ಲೇ ಇರ್ತದೆ, ಯಾರೂ ನೋಡಲ್ಲ. ಸ್ಟಾರ್ ಅಂತ ಐತೋ, ಡೆಲ್ಟಾ ಅಂತ ಐತೋ ನೋಡಿ. ಚಿಕ್ಕ ಮೋಟಾರುಗಳು ಹೆಚ್ಚಾಗಿ 415ಕ್ಕೆ ಸ್ಟಾರ್ ಕಟ್ಟಿರೋವು. ಅವುಗಳ ಒಂದೊಂದು ಕಾಯಿಲಿಗೆ ಬೀಳೋದು 240 ವೋಲ್ಟ್ ಮಾತ್ರ. ಆರು ತಂತಿ ಹೊರಗೆ ಬಂದಿದ್ದರೆ ಡೆಲ್ಟಾ ಮಾಡಿ 230ಕ್ಕೆ ಹೊಂದಿಸಬಹುದು. ಅದೇ ದೊಡ್ಡ ಮೋಟಾರು, 5 ಎಚ್‌ಪಿ, 7.5 ಎಚ್‌ಪಿ, 415ಕ್ಕೇ ಡೆಲ್ಟಾ ಇರ್ತದೆ. ಅದರ ಕಾಯಿಲಿಗೆ 415 ಬೇಕು. ಅದಕ್ಕೆ ಮನೆಯ 230 ಕೊಟ್ಟರೆ ಎಳೆತ ನೂರಕ್ಕೆ 30 ಉಳೀತದೆ, ಅದೂ ಕಂಡೆನ್ಸರಿನ ನಷ್ಟ ಕಳೆಯೋ ಮುಂಚೆ. ನಾಯಕನಹಟ್ಟಿ ತಿಪ್ಪೇಸ್ವಾಮಿಯ ಮಾತು ನಮಗೆಲ್ಲ ಬಾಯಿಪಾಠ, ಮಾಡಿದಷ್ಟು ನೀಡು ಭಿಕ್ಷೆ ಅಂತ. ಮೋಟಾರಿಗೂ ಅಷ್ಟೇ ಕಣ್ರಪ್ಪ, ಕೊಟ್ಟಷ್ಟೇ ಅದು ಕೊಡೋದು.

ಮೋಟಾರು ಸುಟ್ಟರೆ ಹೋಗಲಿ, ಕಾಯಿಲ್ ಕಟ್ಟಿಸಬಹುದು. ಬೆರಳಿಗೆ ವೈಂಡಿಂಗ್ ಅಂಗಡಿ ಇಲ್ಲ.

ನಮ್ಮ ಪಕ್ಕದೂರಿನ ಒಬ್ಬ ಹುಡುಗ, ಮದುವೆಗೆ ಹೆಣ್ಣು ನೋಡ್ತಿದ್ದರು, ಇಂಥದೇ ಮಷಿನ್ ಇಟ್ಟಿದ್ದ. ಮೋಟಾರು ತಾನೇ ಏಳ್ತಿರಲಿಲ್ಲ. ಸ್ವಿಚ್ ಹಾಕಿ ಬೆಲ್ಟನ್ನ ಕೈಯಲ್ಲಿ ಎಳೆದು ತಿರುಗಿಸೋದು, ಆಗ ಹಿಡ್ಕೊಳ್ತಿತ್ತು. ತಿಂಗಳುಗಟ್ಟಲೆ ಹಂಗೇ ಮಾಡಿದ. ಒಂದು ದಿನ ಬೆಲ್ಟು ಪುಲ್ಲಿ ನಡುವೆ ಬಲಗೈ ಎರಡು ಬೆರಳು ಹೋದವು. ಈಗ ಕುಂಟೆ ಹಿಡಿಯೋಕೂ ಆಗಲ್ಲ, ಮೊಬೈಲ್ ಎಡಗೈಯಲ್ಲಿ ಒತ್ತುತಾನೆ. ಅವನಿಗೆ ಕಂಡೆನ್ಸರ್ ಕೊಟ್ಟೋನು ಇವತ್ತೂ ಕಂಡೆನ್ಸರ್ ಮಾರ್ತಿದಾನೆ.

ಸಿಂಗಲ್ ಫೇಸಿನ ಮೇಲೆ ನಿಂತ ಮೂರು ಫೇಸಿನ ಮೋಟಾರು ಕೈಯಲ್ಲಿ ಯಾವ ಕಡೆ ತಿರುಗಿಸಿದರೆ ಆ ಕಡೆ ಓಡ್ತದೆ. ಬ್ಲೇಡು ಉಲ್ಟಾ ತಿರುಗಿದರೆ ಹಲಗೆ ಎತ್ತಿ ಎಸೀತದೆ, ನಟ್ಟು ಸಡಿಲ ಆಗ್ತದೆ. ಬ್ಲೇಡಿನ ವೇಗ ಇಳಿದಾಗ ಹಲಗೆ ಕಚ್ಚಿಕೊಂಡು ಹಿಂದಕ್ಕೆ ಒದೀತದೆ, ಅದು ಬಂದು ಬೀಳೋದು ಹೊಟ್ಟೆಗೆ. ಇನ್ನೊಂದು: ನಮ್ಮಲ್ಲಿ ಕರೆಂಟು ಹೋಗಿ ಬಂದು ಮಾಡ್ತದೆ. ಬರೀ ಲೈಟಿನ ಸ್ವಿಚ್ಚಿನಂಥದ್ದು ಹಾಕಿದ್ದರೆ, ಕರೆಂಟು ಹೋಯ್ತು ಅಂತ ಬ್ಲೇಡಿನ ಹತ್ತಿರ ಕೈ ಇಟ್ಟು ಹೊಟ್ಟು ಗುಡಿಸುವಾಗ ಕರೆಂಟು ಬರ್ತದೆ. ಕರೆಂಟು ಹೋದಾಗ ತಾನೇ ಬೀಳೋ, ಬಂದಾಗ ನಾವು ಒತ್ತೋವರೆಗೆ ಏಳದಿರೋ ಸ್ಟಾರ್ಟರ್ ಇರಲೇಬೇಕು. ಬೋರಿಗೆ ಆಟೋ ಸ್ಟಾರ್ಟರ್ ಹಾಕ್ತೀವಲ್ಲ, ಅದು ಗರಗಸಕ್ಕೆ ಯಮ. ಕಂಡೆನ್ಸರ್ ಸ್ವಿಚ್ ಆಫ್ ಆದ ಮೇಲೂ ಕರೆಂಟು ಹಿಡ್ಕೊಂಡಿರ್ತದೆ ಅನ್ನೋದು ಮುಟ್ಟಿದೋರಿಗೆ ಗೊತ್ತು.

ಈಗ ಬೋರಿನ ಕರೆಂಟಿಗೆ ಬರ್ತೀನಿ. "ಹೊಲದಲ್ಲಿ ಮೂರು ಫೇಸ್ ಐತಲ್ಲ ಮಾವ, ಅಲ್ಲೇ ಶೆಡ್ ಹಾಕಿದ್ರೆ ಆಯ್ತು" ಅಂತ ಬುದ್ಧಿ ಹೇಳೋರಿದ್ದಾರೆ. 10 ಎಚ್‌ಪಿವರೆಗಿನ ಪಂಪ್‌ಸೆಟ್ಟಿಗೆ ಸರ್ಕಾರ ಕರೆಂಟು ಪುಕ್ಕಟೆ ಕೊಡ್ತಿರೋದು ನೀರೆತ್ತೋಕೆ. ಅದರಲ್ಲಿ ಬಾಗಿಲು ಚೌಕಟ್ಟು ಮಾಡಿ ಮಾರಿದರೆ ಅದು ಬೇರೆ ಕೆಲಸ. 2003ರ ವಿದ್ಯುತ್ ಕಾಯ್ದೆಯ 126ನೇ ಸೆಕ್ಷನ್ ಪ್ರಕಾರ ಕೊಟ್ಟ ಉದ್ದೇಶ ಬಿಟ್ಟು ಬೇರೆಯದಕ್ಕೆ ಬಳಸಿದರೆ ಆ ಬಳಕೆಯ ದರದ ಎರಡು ಪಟ್ಟು ಕಟ್ಟಬೇಕು. ಯಾವಾಗಿಂದ ಅಂತ ಗೊತ್ತಾಗದಿದ್ದರೆ ಹಿಂದಿನ 12 ತಿಂಗಳದ್ದು ಹಾಕ್ತಾರೆ. ಲೈನಿಗೆ ನೇರ ಕೊಕ್ಕೆ ಹಾಕಿದರೆ 135ನೇ ಸೆಕ್ಷನ್ನು, ಕಳ್ಳತನ, ಮೂರು ವರ್ಷದವರೆಗೆ ಜೈಲು. ಮನೆ ಮೀಟರಿಗೂ ಇದೇ ಮಾತು. ಗೃಹಜ್ಯೋತಿ ಅಂತ 2023ರಿಂದ ಬರ್ತಿರೋ ಪುಕ್ಕಟೆ ಯೂನಿಟ್ಟು ಸಂಸಾರಕ್ಕೆ. ಅದರಲ್ಲಿ ಮರದ ವ್ಯಾಪಾರ ಮಾಡಿದರೆ ಯಾವತ್ತಾದರೂ ಒಬ್ಬ ಬಂದು ಕೇಳ್ತಾನೆ, ಆಗ ಇಡೀ ಊರಿನ ಪುಕ್ಕಟೆಗೆ ಕೆಟ್ಟ ಹೆಸರು. ನಮ್ಮ ಹೊಲಕ್ಕೆ ಕರೆಂಟು ಪುಕ್ಕಟೆ ಯಾಕೆ ಅಂತ ಪಟ್ಟಣದೋರು ಕೇಳ್ತಲೇ ಇದ್ದಾರೆ. ಅವರ ಕೈಗೆ ನಾವೇ ಕಲ್ಲು ಕೊಡೋದು ಬೇಡ.

ಕಾಯ್ದೆ ಬಿಡಿ, ಕೆಲಸಕ್ಕಾದರೂ ಆಗ್ತದಾ? ಹೊಲದ ಲೈನಿಗೆ ಮೂರು ಫೇಸ್ ಕೊಡೋದು ದಿನಕ್ಕೆ 7 ಗಂಟೆ ಲೆಕ್ಕ. ಪಾಳಿ ಪ್ರಕಾರ ಅದರಲ್ಲಿ ಒಂದು ಪಾಲು ರಾತ್ರಿಗೆ ಬೀಳ್ತದೆ. ನಿದ್ದೆಗಣ್ಣಲ್ಲಿ ನೀರು ಕಟ್ಟಬಹುದು, ಗರಗಸ ಹಿಡಿಯೋಕಾಗಲ್ಲ. ಇನ್ನು ಮೂರು ಫೇಸ್ ಇಲ್ಲದ ಹೊತ್ತಿನಲ್ಲಿ ಕಂಡೆನ್ಸರ್ ಹಾಕಿ ಪಂಪು ಓಡಿಸೋರು. 25 ಕೆವಿಎ ಟಿಸಿ ಒಂದು ಫೇಸಿಗೆ ತಡೆಯೋದು ಸುಮಾರು 35 ಆಂಪಿಯರ್. 5 ಎಚ್‌ಪಿ ಪಂಪು ಮೂರು ಫೇಸಿನಲ್ಲಿ ಒಂದೊಂದು ಫೇಸಿಗೆ 7ರಿಂದ 8 ಆಂಪಿಯರ್ ಎಳೀತದೆ. ಒಂದು ಫೇಸ್ ಇಲ್ಲದಿದ್ದಾಗ ಅದೇ ಕೆಲಸಕ್ಕೆ ಉಳಿದ ತಂತಿಯ ಮೇಲೆ 1.73 ಪಟ್ಟು ಬೀಳ್ತದೆ, ಅಂದ್ರೆ 13 ದಾಟ್ತು. ಮೂರು ಜನ ಹಿಂಗೆ ಸ್ಟಾರ್ಟ್ ಮಾಡಿದರೆ ಟಿಸಿ ಮುಗೀತು. ಸುಟ್ಟ ಟಿಸಿ ಬದಲಾಗೋವರೆಗೆ ಕಂಡೆನ್ಸರ್ ಹಾಕದ ರೈತನ ಈರುಳ್ಳೀನೂ ಒಣಗ್ತದೆ. ಒಬ್ಬನ ಜಾಣತನಕ್ಕೆ ಹತ್ತು ಜನರ ಬೆಳೆ.

"ನಾನು ಹತ್ತು ವರ್ಷದಿಂದ ಓಡಿಸ್ತಿದೀನಿ, ಏನೂ ಆಗಿಲ್ಲ" ಅನ್ನೋರಿಗೆ ಒಂದು ಮಾತು. ಕುಡಿದು ಬೈಕ್ ಓಡಿಸೋನೂ ಇದನ್ನೇ ಹೇಳ್ತಾನೆ. ಮೋಟಾರಿನ ಒಳಗಿನ ವಾರ್ನಿಶ್ಶು ತಡೆಯೋ ಬಿಸಿಗಿಂತ ಪ್ರತಿ 10 ಡಿಗ್ರಿ ಹೆಚ್ಚಿಗೆ ಅದರ ಆಯಸ್ಸು ಅರ್ಧ ಆಗ್ತದೆ ಅನ್ನೋದು ವೈಂಡಿಂಗಿನ ಹಳೇ ಲೆಕ್ಕ. ಅದು ಸುಡೋ ದಿನ ಮುಂಚೆ ಹೇಳಿ ಸುಡಲ್ಲ. ಫ್ಯೂಜಿಗೆ ದಪ್ಪ ತಂತಿ ಸುತ್ತಿದ್ದರೆ ಸುಡೋದು ಮೋಟಾರು ಒಂದೇ ಅಲ್ಲ, ಪಕ್ಕದಲ್ಲಿ ಮರದ ಹೊಟ್ಟಿನ ರಾಶಿ ಇರ್ತದೆ.

ಹಂಗಾದರೆ ಹೆಂಗೆ ಮಾಡೋದು ಮಾರಾಯ ಅಂತ ಕೇಳ್ತೀರಿ. ಬೈದು ಬಿಡೋಕೆ ಇಷ್ಟು ಬರೀಲಿಲ್ಲ. ದಾರಿ ಐತೆ.

ಒಂದು, ಮೋಟಾರೇ ಬದಲಾಯಿಸಿ. ಹಳೇ ಮಷಿನ್ನಿನ ಬೆಲೆ ಇರೋದು ಬೀಡಿನಲ್ಲಿ, ಮೋಟಾರಿನಲ್ಲಿ ಅಲ್ಲ. ಮೂರು ಫೇಸಿನ ಮೋಟಾರು ಮಾರಿ ಅದೇ ಸ್ಪೀಡಿನ 2 ಎಚ್‌ಪಿ ಸಿಂಗಲ್ ಫೇಸ್ ಮೋಟಾರು ಕೂರಿಸಿ. ಹಿಟ್ಟಿನ ಗಿರಣಿಗೆ ಹಾಕ್ತಾರಲ್ಲ, ಅಂಥದು. ಅದರಲ್ಲೂ ಕಂಡೆನ್ಸರ್ ಇರ್ತದೆ, ಆದರೆ ಆ ಮೋಟಾರು ಹುಟ್ಟಿದ್ದೇ ಹಂಗೆ ಓಡೋಕೆ. ನನ್ನ ಶೆಡ್ಡಿನಲ್ಲಿ ಇರೋದು ಇದೇ. ಬೇಸಿಗೆಯಲ್ಲಿ ಮನೆಗೆ, ನಂಟರಿಗೆ ಅಂತ ಕುಂಟೆ, ಕೂರಿಗೆ, ಚೌಕಟ್ಟು ಮಾಡ್ಕೊಳ್ಳೋ ನನ್ನಂಥೋನಿಗೆ ಸಾಕು.

ಎರಡು, ಡ್ರೈವ್. ವಿಎಫ್‌ಡಿ ಅಂತಾರೆ. 230 ಸಿಂಗಲ್ ಫೇಸ್ ಒಳಗೆ, 230 ಮೂರು ಫೇಸ್ ಹೊರಗೆ. ಇದು ನಿಜವಾದ ಮೂರು ಫೇಸು, ಮೂರೂ ಸಮ. ನಿಧಾನಕ್ಕೆ ಏಳಿಸ್ತದೆ, ಭಾರ ಜಾಸ್ತಿ ಆದರೆ ತಾನೇ ನಿಲ್ಲಿಸ್ತದೆ. ಆದರೆ ಮೋಟಾರು 230ಕ್ಕೆ ಡೆಲ್ಟಾ ಆಗೋದಾಗಿರಬೇಕು. 415 ಡೆಲ್ಟಾ ಮೋಟಾರಿಗೆ ಇದನ್ನ ಹಾಕಿದರೆ 28 ಹರ್ಟ್ಜ್ ದಾಟಿದ ಮೇಲೆ ಎಳೆತ ಇಳೀತದೆ, ಅರ್ಧ ಸ್ಪೀಡಿನಲ್ಲಿ ರಂದಾ ಹೊಡೆದರೆ ಮರ ಸಿಗಿದು ಹೋಗ್ತದೆ. 1 ಎಚ್‌ಪಿ ಡ್ರೈವ್ ಮನೆ ಲೈನಿನಿಂದ ಸುಮಾರು 9 ಆಂಪಿಯರ್ ಎಳೀತದೆ, 2 ಎಚ್‌ಪಿಯದು 15ರ ಹತ್ತಿರ, 3 ಎಚ್‌ಪಿಯದು 20 ದಾಟ್ತದೆ. ಮನೆ ಪವರ್ ಪ್ಲಗ್ಗು ತಡೆಯೋದು 16. ಅಂದ್ರೆ 2 ಎಚ್‌ಪಿಗೇ ಗೆರೆ. ಅದಕ್ಕೂ ಮೀಟರಿನಿಂದ ಬೇರೆ ವೈರು, ಬೇರೆ ಎಂಸಿಬಿ, ಸರಿಯಾದ ಅರ್ತಿಂಗು, ಮೀಟರಿನ ಮಂಜೂರಾದ ಲೋಡು ಹೆಚ್ಚಿಸಿಕೊಳ್ಳೋದು. ಡ್ರೈವಿಗೂ ಮೋಟಾರಿಗೂ ನಡುವೆ ಸ್ವಿಚ್ ಹಾಕಬೇಡಿ. ಹೊಟ್ಟು ಹೋಗದಂಗೆ ಡಬ್ಬಿಯಲ್ಲಿಡಿ.

ಮೂರು, ಹಳೇ ಡೀಸೆಲ್ ಇಂಜಿನ್. ಬಾವಿ ಕಾಲದ 5 ಎಚ್‌ಪಿ ಇಂಜಿನ್ನು ಎಷ್ಟು ಮನೆ ಹಿತ್ತಲಲ್ಲಿ ಬಿದ್ದೈತೆ ಹೇಳಿ. ಬೆಲ್ಟ್ ಹಾಕಿದರೆ ಯಾವ ಫೇಸೂ ಬೇಡ. ಬೆಲ್ಟಿಗೆ ಗಾರ್ಡ್ ಮಾತ್ರ ಮರೀಬೇಡಿ.

ಅಮೆರಿಕದಲ್ಲಿ ಮನೆಗಳಿಗೆ ಸಿಂಗಲ್ ಫೇಸೇ ಬರೋದು. ಅಲ್ಲಿ ಮನೆಯಲ್ಲಿ ಮರಗೆಲಸ ಮಾಡೋರು ಒಂದು ದೊಡ್ಡ ಮೂರು ಫೇಸಿನ ಮೋಟಾರನ್ನ ಖಾಲಿ ತಿರುಗಿಸಿ ಅದರಿಂದ ಮೂರನೇ ಫೇಸ್ ಹುಟ್ಟಿಸಿ ಮಷಿನ್ ಓಡಿಸ್ತಾರೆ. ನಡೀತದೆ, ಆದರೆ ಆ ಖಾಲಿ ಮೋಟಾರು ಮಷಿನ್ನಿನ ಮೋಟಾರಿಗಿಂತ ಒಂದೂವರೆ ಪಟ್ಟು ಇರಬೇಕು, ಇಡೀ ದಿನ ಕರೆಂಟು ತಿಂತಾ ಕೂರ್ತದೆ. ಜರ್ಮನಿಯಲ್ಲಿ ಸಾಮಾನ್ಯ ಮನೆಗೇ ಮೂರು ಫೇಸ್ ಬರ್ತದೆ, ಅಲ್ಲಿ ಈ ಸರ್ಕಸ್ಸೇ ಬೇಕಿಲ್ಲ. ಕೊಟ್ಟರೆ ಸರ್ಕಸ್ ಇಲ್ಲ ಅನ್ನೋದಷ್ಟೇ ಇದರ ಪಾಠ.

ಈಗ ಮೇಲಿನವರ ಮೇಲೆ ಬರ್ತೀನಿ. 3 ಎಚ್‌ಪಿ ಮೇಲಿನ ಕೆಲಸಕ್ಕೆ, ದಿನಾ ಮಾಡೋ ಕೆಲಸಕ್ಕೆ ಮೇಲಿನ ಯಾವ ಉಪಾಯವೂ ಸಾಲದು. ಅದಕ್ಕೆ ನಿಜವಾದ ಮೂರು ಫೇಸೇ ಬೇಕು. ಕೇಳೋಕೆ ಹೋದರೆ "ಹಳ್ಳೀಲಿ ನಿನಗ್ಯಾಕಯ್ಯ ಮೂರು ಫೇಸು" ಅಂತಾರೆ.

ಯಾಕೆ ಅಂದ್ರೆ ಕೇಳಿ. ಈ ನಾಡಿನಲ್ಲಿ 1902ರಲ್ಲೇ ಶಿವನಸಮುದ್ರದಿಂದ ಸುಮಾರು 147 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗೆ ಮೂರು ಫೇಸಿನ ಕರೆಂಟು ಹೋಯ್ತು. ಚಿನ್ನ ತೆಗೆಯೋಕೆ ಆ ಕಾಲದಲ್ಲೇ ಆದದ್ದು ಕುಂಟೆ ಮಾಡೋಕೆ ಈ ಕಾಲದಲ್ಲಿ ಆಗಲ್ವಾ? ನಮ್ಮ ಪಕ್ಕದ ಪಾವಗಡದಲ್ಲಿ 2,050 ಮೆಗಾವ್ಯಾಟಿನ ಸೋಲಾರ್ ಪಾರ್ಕ್ ಐತೆ. ಚಿತ್ರದುರ್ಗದ ಗುಡ್ಡದ ಮೇಲೆ ಗಾಳಿ ರೆಕ್ಕೆ ಸಾಲು ಸಾಲು ತಿರುಗ್ತವೆ. ಕುದಾಪುರದ ಅಮೃತಮಹಲ್ ಕಾವಲಿನಲ್ಲಿ ದೇಶದ ದೊಡ್ಡ ದೊಡ್ಡ ವಿಜ್ಞಾನ ಸಂಸ್ಥೆಗಳು ಕೂತಿವೆ. ಬಿಸಿಲು ನಮ್ಮದು, ಗಾಳಿ ನಮ್ಮದು, ಕಾವಲು ನಮ್ಮ ದನದ್ದು. ನಮ್ಮ ಬಡಗಿಗೆ ಮಾತ್ರ ಒಂದು ಫೇಸು.

ಮರಗೆಲಸ ಏನು ಶೋಕಿಯಾ? ಶೇಂಗಾ ಬಿತ್ತೋ ಕೂರಿಗೆ ಮರದ್ದು. ಎಡೆಕುಂಟೆ ಮರದ್ದು. ಮೊಳಕಾಲ್ಮೂರು ರೇಷ್ಮೆ ಸೀರೆ ನೇಯೋ ಕೈಮಗ್ಗ ಮರದ್ದು. ಮಳೆ ಕೈಕೊಟ್ಟ ವರ್ಷ ನಮ್ಮ ಹುಡುಗರು ಬೆಂಗಳೂರಿಗೆ ಹೋಗಿ ಸೆಕ್ಯುರಿಟಿ ಕೆಲಸಕ್ಕೆ ನಿಲ್ಲೋ ಬದಲು ಊರಲ್ಲೇ ನಾಲ್ಕು ಬಾಗಿಲು ಮಾಡಿ ಮಾರಿದರೆ ತಪ್ಪೇನು? ಕೇಂದ್ರ ಸರ್ಕಾರ 2023ರ ಸೆಪ್ಟೆಂಬರ್ 17ರಂದು ಪಿಎಂ ವಿಶ್ವಕರ್ಮ ಯೋಜನೆ ಶುರು ಮಾಡ್ತು. 18 ಕಸುಬಿನಲ್ಲಿ ಬಡಗಿ ಕಸುಬೂ ಒಂದು. ಉಪಕರಣಕ್ಕೆ 15,000 ರೂಪಾಯಿ, ಆಮೇಲೆ ಶೇಕಡಾ 5ರ ಬಡ್ಡಿಗೆ ಮೊದಲು 1 ಲಕ್ಷ, ನಂತರ 2 ಲಕ್ಷದವರೆಗೆ ಸಾಲ. ಒಳ್ಳೇದೇ. ಆದರೆ ಸಾಲ ಮಾಡಿ ತಂದ ಮಷಿನ್ ಓಡಿಸೋ ಫೇಸು ಯಾರು ಕೊಡ್ತಾರೆ? ಎತ್ತು ಕೊಟ್ಟು ನೊಗ ಕೊಡದಂಗೆ ಇದು.

ಫೇಸು ಊರಲ್ಲಿ ಇಲ್ಲವೇ ಇಲ್ಲ ಅಂತಲೂ ಅಲ್ಲ. ನಿರಂತರ ಜ್ಯೋತಿ ಅಂತ ಊರಿನ ಲೈನು, ಹೊಲದ ಲೈನು ಬೇರೆ ಮಾಡಿದ ಕಡೆಯೆಲ್ಲ ಊರಿನ ಟಿಸಿವರೆಗೆ ಮೂರು ಫೇಸ್ ಬಂದು ನಿಂತೈತೆ. ಹಿಟ್ಟಿನ ಗಿರಣಿ ಇರೋ ಬೀದಿಗೆ ಹೋಗಿ ಕಂಬ ನೋಡಿ, ತಂತಿ ಎಣಿಸಿ. ಅಲ್ಲಿಂದ ನಮ್ಮ ಶೆಡ್ಡಿಗೆ ಎರಡು ಮೂರು ಕಂಬದ ದೂರ ಇರ್ತದೆ ಅಷ್ಟೇ.

ಕಾಯ್ದೆ ನಮ್ಮ ಕಡೆಗೇ ಐತೆ. ಅದೇ 2003ರ ಕಾಯ್ದೆಯ 43ನೇ ಸೆಕ್ಷನ್ನು, ಅರ್ಜಿ ಕೊಟ್ಟ ಒಂದು ತಿಂಗಳಲ್ಲಿ ಕರೆಂಟು ಕೊಡಬೇಕು ಅಂತದೆ. ಕೊಡದಿದ್ದರೆ ದಿನಕ್ಕೆ 1,000 ರೂಪಾಯಿವರೆಗೆ ದಂಡ ಅಂತಲೂ ಬರೆದೈತೆ. 2020ರ ಗ್ರಾಹಕರ ಹಕ್ಕುಗಳ ನಿಯಮಕ್ಕೆ 2024ರಲ್ಲಿ ತಿದ್ದುಪಡಿ ಬಂದು ಹಳ್ಳಿಗೆ 15 ದಿನ ಅಂತ ಆಯ್ತು. ಹೊಸ ಲೈನು ಎಳೀಬೇಕಾದರೆ ಹೆಚ್ಚು ದಿನ ಹಿಡೀತದೆ, ಅದರ ಖರ್ಚು ನಾವು ಕಟ್ಟಬೇಕಾಗ್ತದೆ, ಅದೂ ಸತ್ಯ. ಆದರೆ "ಆಗಲ್ಲ ಹೋಗು" ಅನ್ನೋ ಉತ್ತರ ಕಾಯ್ದೆಯಲ್ಲಿ ಇಲ್ಲ. ಬಾಯಲ್ಲಿ ಕೇಳಿದರೆ ಬಾಯಲ್ಲೇ ಉತ್ತರ ಕೊಡ್ತಾರೆ. ಬರೆದು ಕೊಡಿ, ಸ್ವೀಕೃತಿ ತಗೊಳ್ಳಿ. ದಿನ ಲೆಕ್ಕ ಆಗೋದು ಸ್ವೀಕೃತಿ ತಾರೀಖಿನಿಂದ.

"ಕೈಗಾರಿಕೆ ಮೀಟರ್ ತಗೊಂಡ್ರೆ ಓಡಿಸಲಿ ಬಿಡಲಿ ತಿಂಗಳ ಫಿಕ್ಸೆಡ್ ಚಾರ್ಜು ಕಟ್ಟಬೇಕಲ್ಲ" ಅನ್ನೋದು ನ್ಯಾಯವಾದ ಮಾತು. ಬೇಸಿಗೆ ಎರಡು ತಿಂಗಳು ಕೆಲಸ ಮಾಡೋ ರೈತನಿಗೆ ಹನ್ನೆರಡು ತಿಂಗಳ ಚಾರ್ಜು ಹೊರೆಯೇ. ಇದಕ್ಕೆ ನನ್ನ ಉತ್ತರ ಎರಡು. ಮೇಲಿನವರಿಗೆ ಹೇಳೋದು: ಹಳ್ಳಿಯ ಚಿಕ್ಕ ಕಸುಬಿಗೆ ಕಾಲಕ್ಕೆ ತಕ್ಕ ದರ ಮಾಡಿ. ದರ ನಿಗದಿಗೆ ಆಯೋಗ ಜನರ ಅಭಿಪ್ರಾಯ ಕೇಳುವಾಗ ಎಣ್ಣೆ ಮಿಲ್ಲಿನೋರು, ಫ್ಯಾಕ್ಟರಿಯೋರು ಹೋಗಿ ಹೇಳ್ಕೊಳ್ತಾರೆ. ನಮ್ಮ ಬಡಗಿ ಪರವಾಗಿ ಯಾರು ಹೋದರು? ನಾವೇ ಹೋಗಬೇಕು, ಇಲ್ಲ ಬರೆದು ಕಳಿಸಬೇಕು. ನಮ್ಮೋರಿಗೆ ಹೇಳೋದು: ಐದು ಮನೆಗೆ ಐದು ಮೀಟರ್ ಬೇಡ. ಊರಿಗೆ ಒಂದು ಶೆಡ್ಡು, ಒಂದು ಮೂರು ಫೇಸ್ ಮೀಟರು, ಐದು ಜನರ ಮಷಿನ್ನು ಒಂದೇ ಸೂರಿನಡಿ. ಓಡಿಸಿದ ಯೂನಿಟ್ಟು ಪುಸ್ತಕದಲ್ಲಿ ಬರೆದಿಡಿ, ಫಿಕ್ಸೆಡ್ ಚಾರ್ಜು ಐದು ಭಾಗ. ಹಾಲಿನ ಡೈರಿ ಲೆಕ್ಕ ಇಡೋಕೆ ಬರೋ ಊರಿಗೆ ಇದು ಬರಲ್ವಾ? ಒಂದು ಮಾತು ನೆನಪಿರಲಿ, ದಿಮ್ಮಿ ಕೊಯ್ಯೋ ಸಾಮಿಲ್ಲಿಗೆ ಅರಣ್ಯ ಇಲಾಖೆ ಪರವಾನಗಿ ಬೇಕು. ನಾನು ಹೇಳ್ತಿರೋದು ಹಲಗೆ ಕೆಲಸದ ಮಾತು.

ನಮ್ಮೋರಿಗೆ ಒಂದು ಕೆಟ್ಟ ಅಭ್ಯಾಸ ಐತೆ. ಕೊಡದಿದ್ದರೆ ಕೇಳಲ್ಲ, ಹೆಂಗೋ ಮಾಡ್ಕೊಳ್ತೀವಿ. ನೀರಿಲ್ಲದಿದ್ದರೆ ಇನ್ನೊಂದು ಬೋರು, ಫೇಸಿಲ್ಲದಿದ್ದರೆ ಒಂದು ಕಂಡೆನ್ಸರು. ಇದನ್ನೇ ರೈತನ ಜಾಣ್ಮೆ ಅಂತ ಹೊಗಳಿ ವಿಡಿಯೋ ಮಾಡ್ತಾರೆ. ನಾವು ಹೆಂಗೋ ಮಾಡ್ಕೊಳ್ತೀವಿ ಅಂತ ಗೊತ್ತಾದರೆ ಕೊಡಬೇಕಾದೋನು ಯಾಕೆ ಕೊಡ್ತಾನೆ? ಊರಿನ ಪ್ರತಿ ಶೆಡ್ಡಿನಲ್ಲಿ ಗುಂಯ್ ಅನ್ನೋ ಒಂದೊಂದು ಕಂಡೆನ್ಸರೂ ಕೊಡದೋರಿಗೆ ನಾವೇ ಬರೆದುಕೊಟ್ಟ ಒಪ್ಪಿಗೆ ಪತ್ರ ಇದ್ದಂಗೆ.

ಮುಂದಿನ ಗ್ರಾಮಸಭೆಗೆ ಮುಂಚೆ ಮೂರು ಕೆಲಸ ಮಾಡಿ. ನಿಮ್ಮ ಊರಲ್ಲಿ ಮರಗೆಲಸ, ಗಿರಣಿ, ವೆಲ್ಡಿಂಗ್ ಮಾಡೋರ ಪಟ್ಟಿ ಮಾಡಿ, ಯಾರ ಮಷಿನ್ ಎಷ್ಟು ಎಚ್‌ಪಿ ಬರೀರಿ. ಮೂರು ಫೇಸಿನ ಕಂಬದಿಂದ ಶೆಡ್ಡಿಗೆ ಎಷ್ಟು ದೂರ ಅಂತ ಹೆಜ್ಜೆ ಹಾಕಿ ಅಳೀರಿ. ಎಲ್ಲರೂ ಸೇರಿ ಒಂದೇ ಅರ್ಜಿಗೆ ಸಹಿ ಹಾಕಿ, ಸಭೆಯ ನಡಾವಳಿಯಲ್ಲಿ ಬರೆಸಿ, ಒಂದು ಪ್ರತಿ ಕರೆಂಟಿನ ಆಫೀಸಿಗೆ, ಒಂದು ಪ್ರತಿ ಶಾಸಕರಿಗೆ. ಅರ್ಜಿ ಬರೆಯೋಕೆ ಬರದಿದ್ದರೆ ನಾನು ಬರೆದುಕೊಡ್ತೀನಿ.

ಅಲ್ಲಿವರೆಗೆ ಬೆಲ್ಟಿಗೆ ಕೈ ಹಾಕಿ ಮೋಟಾರು ತಿರುಗಿಸಬೇಡಿ. ಮಷಿನ್ ಇಟ್ಟಿರೋರು ಮೋಟಾರಿನ ನೇಮ್ ಪ್ಲೇಟ್ ಒರೆಸಿ ಫೋಟೋ ತೆಗೆದು ಕಳಿಸಿ. ಸ್ಟಾರೋ ಡೆಲ್ಟಾನೋ, ಮನೆ ಲೈನಿಗೆ ಆಗ್ತದೋ ಇಲ್ಲವೋ ಅಂತ ನೋಡಿ ಹೇಳ್ತೀನಿ. ಆಗಲ್ಲ ಅಂತ ಹೇಳಿದರೆ ಬೇಜಾರು ಮಾಡ್ಕೋಬೇಡಿ.